ಅಮೆರಿಕದ ಯೂನಿವರ್ಸಿಟಿ ಕೇಳುವ ಲಸಿಕೆ ದಾಖಲೆ: ಹಳೆಯ ಕಾರ್ಡ್ ಸಾಕಾ?

ಆಗಸ್ಟ್‌ನಲ್ಲಿ ಎಂಎಸ್‌ಗೆ ಹೊರಟಿದ್ದೀರಿ, ಚಿಕ್ಕಂದಿನ ಲಸಿಕೆ ಕಾರ್ಡ್ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಹೆಚ್ಚಿನವರಿಗೆ ಸಾಕಾಗುವುದಿಲ್ಲ.

ತೊಡಕು ಬರುವುದು ಎಂಎಂಆರ್‌ನಲ್ಲಿ, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಹಾಕುವ ಲಸಿಕೆಯಲ್ಲಿ. ಅಲ್ಲಿನ ಬಹುತೇಕ ಯೂನಿವರ್ಸಿಟಿಗಳು ಎರಡು ಡೋಸ್ ಕೇಳುತ್ತವೆ. ಮೊದಲನೆಯದು ಒಂದು ವರ್ಷ ತುಂಬಿದ ಮೇಲೆ ಆಗಿರಬೇಕು, ಎರಡರ ನಡುವೆ ಕನಿಷ್ಠ 28 ದಿನ ಅಂತರ ಇರಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 9 ತಿಂಗಳಿಗೆ ಹಾಕುತ್ತಿದ್ದದ್ದು ಬರೀ ದಡಾರದ ಲಸಿಕೆ. ರುಬೆಲ್ಲಾ ಸೇರಿದ್ದು 2017ರಲ್ಲಿ. ಮಂಗನಬಾವಿನದು ಅದರಲ್ಲಿ ಇರಲೇ ಇಲ್ಲ. ಹಾಗಾಗಿ ಆ 9 ತಿಂಗಳ ಡೋಸ್ ಲೆಕ್ಕಕ್ಕೆ ಬರುವುದಿಲ್ಲ.

ಕಾರ್ಡ್ ಕಳೆದಿದ್ದರೂ ಚಿಂತೆ ಬೇಡ. ಐಜಿಜಿ (ಪ್ರತಿಕಾಯ ನೋಡುವ) ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇದೆ ಅಂತ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನನ್ನ ಪ್ರಕಾರ ಸುಮ್ನೆ ಎರಡು ಡೋಸ್ ಹಾಕಿಸಿಕೊಳ್ಳುವುದೇ ಒಳ್ಳೆಯದು. ಜೂನ್‌ನಲ್ಲೇ ಶುರು ಮಾಡಿ, 28 ದಿನವನ್ನು ಯಾರೂ ಕಡಿಮೆ ಮಾಡಿಕೊಡುವುದಿಲ್ಲ.

ಟಿಬಿ ಪರೀಕ್ಷೆ ಕೇಳಿದರೆ ರಕ್ತದ್ದನ್ನೇ (ಐಜಿಆರ್‌ಎ) ಮಾಡಿಸಿ. ಹುಟ್ಟಿದಾಗ ಹಾಕಿದ ಟಿಬಿ ಲಸಿಕೆ ಬಿಸಿಜಿಯಿಂದ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ಎಂಎಂಆರ್ ಹಾಕಿಸುವ ದಿನವೇ ಈ ಟಿಬಿ ಪರೀಕ್ಷೆಗೆ ರಕ್ತ ಕೊಡಿ, ಇಲ್ಲವಾದರೆ ಲಸಿಕೆ ಹಾಕಿಸಿದ ಮೇಲೆ ನಾಲ್ಕು ವಾರ ಕಾಯಬೇಕು. ಹಾಸ್ಟೆಲ್‌ನಲ್ಲಿ ಇರುವವರಿಗೆ ಮೆನಿಂಜೈಟಿಸ್ ಲಸಿಕೆಯನ್ನೂ ಹಲವು ಕಡೆ ಕೇಳುತ್ತಾರೆ.

ಫಾರ್ಮ್‌ನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ಡಾಕ್ಟರು ರೂಢಿಯಂತೆ 05/08 ಅಂತ ಬರೆದರೆ ಆಗಸ್ಟ್ 5 ಹೋಗಿ ಮೇ 8 ಆಗುತ್ತದೆ. ತಿಂಗಳ ಹೆಸರನ್ನೇ ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ, ಸೀಲು ಹಾಕಿಸಿಕೊಳ್ಳಿ.