ರಿಸ್ಕ್ ಲೆವೆಲ್ ವಿರುದ್ಧ ಅಪೀಲು: ಮೊದಲು ತಾರೀಖು ನೋಡಿ

ನಮಸ್ಕಾರ. ನ್ಯೂಯಾರ್ಕ್‌ನಲ್ಲಿ ನಿಮ್ಮ ತಮ್ಮನಿಗೆ ಕೋರ್ಟು ಲೈಂಗಿಕ ಅಪರಾಧಿಗಳ ನೋಂದಣಿಯಲ್ಲಿ ಲೆವೆಲ್ 2 (ಮತ್ತೆ ಅಪರಾಧ ಮಾಡುವ ರಿಸ್ಕ್, ಅಂದರೆ ಅಪಾಯ, ಮಧ್ಯಮ ಎಂಬ ದರ್ಜೆ) ಕೊಟ್ಟಿದೆ, ಅಪೀಲು ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಅದು ಅವರ ಹಕ್ಕು. ಆದರೆ ತಡ ಮಾಡಬೇಡಿ. ಲಿಖಿತ ಆದೇಶದ ಪ್ರತಿ, ಅದು ದಾಖಲಾಗಿದೆ ಎಂಬ ನೋಟಿಸಿನ ಜೊತೆ ಕೈಗೆ ಬಂದಮೇಲೆ ಅಪೀಲಿನ ನೋಟಿಸು ಕೊಡಲು ಇರುವುದು 30 ದಿನ ಮಾತ್ರ. ವಕೀಲರಿಗೆ ಇವತ್ತೇ ಫೋನ್ ಮಾಡಿ. ದುಡ್ಡಿಲ್ಲದಿದ್ದರೆ ಅಪೀಲಿಗೂ ವಕೀಲರನ್ನು ಕೊಡಿ ಎಂದು ಕೋರ್ಟನ್ನೇ ಕೇಳಬಹುದು.

ಅಪೀಲಿನಲ್ಲಿ ಮೂಲ ಕೇಸಿನ ತೀರ್ಪು ಮತ್ತೆ ಚರ್ಚೆಗೆ ಬರುವುದಿಲ್ಲ. ಮುಖ್ಯವಾಗಿ ನೋಡುವುದು ಈ ರಿಸ್ಕ್ ಅಳೆಯಲು ಹಾಕಿದ ಅಂಕಗಳನ್ನು. 70ರವರೆಗೆ ಲೆವೆಲ್ 1, 75ರಿಂದ 105 ಲೆವೆಲ್ 2, 110 ಅಥವಾ ಅದಕ್ಕಿಂತ ಹೆಚ್ಚಾದರೆ ಲೆವೆಲ್ 3. ಪ್ರತಿ ಅಂಕಕ್ಕೂ ಸ್ಪಷ್ಟ, ನಂಬಲರ್ಹ ಪುರಾವೆ ಕೊಡಬೇಕಾದ್ದು ಸರ್ಕಾರಿ ವಕೀಲರು. ತಮ್ಮನಿಗೆ 80 ಬಂದಿದೆ ಅಂದಿರಿ. ಹಾಗಾದರೆ ಕುಡಿತದ ಚಟಕ್ಕೆ ಹಾಕಿದ 15 ಅಂಕ ಬಿದ್ದುಹೋದರೂ ಸಾಕು, ಸಾಮಾನ್ಯವಾಗಿ ಲೆವೆಲ್ 1ಕ್ಕೆ ಇಳಿಯುತ್ತದೆ. ಅದಕ್ಕೆ ಏನು ಪುರಾವೆ ಇತ್ತು, ಆಗಲೇ ಆಕ್ಷೇಪಣೆ ಹಾಕಿದ್ದರಾ? ವಿಚಾರಣೆಯಲ್ಲಿ ಎತ್ತದ ವಾದವನ್ನು ಮೇಲಿನ ಕೋರ್ಟು ಸಾಮಾನ್ಯವಾಗಿ ಕೇಳುವುದಿಲ್ಲ.

ವ್ಯತ್ಯಾಸ ಸಣ್ಣದಲ್ಲ. ಲೆವೆಲ್ 1 ಆದರೆ ಸಾಮಾನ್ಯವಾಗಿ 20 ವರ್ಷದ ನೋಂದಣಿ. ಲೆವೆಲ್ 2 ಆದರೆ ಜೀವನಪೂರ್ತಿ, ಹೆಸರು ಫೋಟೋ ಸರ್ಕಾರಿ ವೆಬ್‌ಸೈಟಿನಲ್ಲೂ ಇರುತ್ತದೆ.

ಅಪೀಲು ಸೋತರೂ ಲೆವೆಲ್ ಇಳಿಸಿ ಎಂದು ವರ್ಷಕ್ಕೊಮ್ಮೆ ಅರ್ಜಿ ಹಾಕಬಹುದು. ಆಗ ಪುರಾವೆಯ ಹೊರೆ ತಮ್ಮನ ಮೇಲೆ. ಚಿಕಿತ್ಸೆಗೆ ಹೋದ ದಾಖಲೆ, ಕೆಲಸದ ಪತ್ರ ಈಗಿನಿಂದಲೇ ಜೋಡಿಸಿಡಿ. ಅಪೀಲು ನಡೆಯುವಾಗಲೂ ನೋಂದಣಿಯ ನಿಯಮ ತಪ್ಪಿಸಬಾರದು, ತಪ್ಪಿದರೆ ಅದೇ ಹೊಸ ಅಪರಾಧ.