ಪ್ರಶ್ನೋತ್ತರ: ಕ್ಯಾಲ್ಕುಲಸ್‌ನಲ್ಲಿ ಅಂಕ ಸೋರುವುದೆಲ್ಲಿ?

ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ಈಗ ಬಿ.ಎಸ್ಸಿ. ಮೊದಲ ಸೆಮಿಸ್ಟರ್. ಡೆರಿವೇಟಿವ್ ಸೂತ್ರಗಳೆಲ್ಲ ಬಾಯಿಪಾಠ, ಆದರೂ ಟೆಸ್ಟ್‌ನಲ್ಲಿ ಉತ್ತರ ತಪ್ಪುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾಸನ

ಸೂತ್ರ ಗೊತ್ತಿದ್ದೂ ತಪ್ಪುತ್ತಿದ್ದರೆ ಮೊದಲ ಅನುಮಾನ ಚೈನ್ ರೂಲ್ ಮೇಲೆ, ಅಂದರೆ ಒಂದು ಫಂಕ್ಷನ್ ಒಳಗೆ ಇನ್ನೊಂದಿದ್ದಾಗ ಬಳಸುವ ನಿಯಮದ ಮೇಲೆ. ಸೈನ್(3ಎಕ್ಸ್²) ತೆಗೆದುಕೊಳ್ಳಿ. ಕೆಲವರು ಕಾಸ್(3ಎಕ್ಸ್²) ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ; ಇನ್ನು ಕೆಲವರು ಆವರಣದ ಒಳಗೇ ಕೈಹಾಕಿ ಕಾಸ್(6ಎಕ್ಸ್) ಮಾಡಿಬಿಡುತ್ತಾರೆ. ಹೊರಗಿನ ಸೈನ್ ಕಾಸ್ ಆಗಬೇಕು, ಒಳಗಿನ 3ಎಕ್ಸ್² ಹಾಗೇ ಉಳಿಯಬೇಕು, ಆಮೇಲೆ ಅದರ ಡೆರಿವೇಟಿವ್ 6ಎಕ್ಸ್‌ನಿಂದ ಗುಣಿಸಬೇಕು. ಉತ್ತರ: 6ಎಕ್ಸ್·ಕಾಸ್(3ಎಕ್ಸ್²).

ಡೆರಿವೇಟಿವ್ ಎಂದರೆ ಎಕ್ಸ್ ಚೂರು ಬದಲಾದಾಗ ಬೆಲೆ ಬದಲಾಗುವ ದರ; ಮನೆಯಲ್ಲಿ ಅಭ್ಯಾಸ ಮಾಡುವಾಗ ಇದನ್ನು ಅಂಕಿ ಹಾಕಿ ನೋಡಿ. ಎಕ್ಸ್ 1 ಆದಾಗ ಸೈನ್ 3 ಅಂದರೆ 0.14112. ಎಕ್ಸ್ 1.001 ಆದಾಗ 0.13517. ವ್ಯತ್ಯಾಸ −0.00595, ಅದನ್ನು 0.001ರಿಂದ ಭಾಗಿಸಿದರೆ −5.95. ನಮ್ಮ ಉತ್ತರದಲ್ಲಿ ಎಕ್ಸ್‌ಗೆ 1 ಹಾಕಿದರೆ −5.94, ಹೊಂದುತ್ತದೆ. ತಪ್ಪು ಉತ್ತರಗಳು ಕೊಡುವುದು −0.99 ಮತ್ತು 0.96, ನೋಡಿದ ಕೂಡಲೇ ಗೊತ್ತಾಗುತ್ತದೆ. ಕ್ಯಾಲ್ಕುಲೇಟರ್ ಮಾತ್ರ ರೇಡಿಯನ್‌ನಲ್ಲಿರಬೇಕು. ಡಿಗ್ರಿಯಲ್ಲಿದ್ದರೆ ಭಾಗಿಸಿದಾಗ ಸುಮಾರು 0.105 ಬಂದು, ಸರಿಯಾದ ಉತ್ತರವನ್ನೇ ಹೊಡೆದುಹಾಕಿ ಕೂರುತ್ತೀರಿ. ಸೈನ್‌ನ ಡೆರಿವೇಟಿವ್ ಕಾಸ್ ಆಗುವುದು ರೇಡಿಯನ್‌ನಲ್ಲಿ ಮಾತ್ರ. ಡಿಗ್ರಿಯಾದರೆ ಪೈ/180 ಎಂಬ ಗುಣಕ ಜೊತೆಗೆ ಬರುತ್ತದೆ.

ಚೈನ್ ರೂಲ್ ಸರಿಯಿದ್ದೂ ತಪ್ಪುತ್ತಿದ್ದರೆ ಹಳೆಯ ಬೀಜಗಣಿತ ನೋಡಿಕೊಳ್ಳಿ. √(ಎಕ್ಸ್²+9) ಎಂದರೆ ಎಕ್ಸ್+3 ಅಲ್ಲ: ಎಕ್ಸ್ 4 ಆದಾಗ ಒಂದು 5, ಇನ್ನೊಂದು 7. (ಎಕ್ಸ್³+2ಎಕ್ಸ್)/ಎಕ್ಸ್ ಕಂಡ ತಕ್ಷಣ ಭಾಗಾಕಾರಕ್ಕೆ ಬಳಸುವ ಕೋಶಂಟ್ ರೂಲ್‌ಗೆ ಕೈಹಾಕುವವರೂ ಇದ್ದಾರೆ. ಮೊದಲು ಭಾಗಿಸಿ ಎಕ್ಸ್²+2 ಮಾಡಿಕೊಂಡರೆ ಉತ್ತರ 2ಎಕ್ಸ್, ಒಂದೇ ಸಾಲು.

ಲಿಮಿಟ್ ಲೆಕ್ಕಗಳಿಗೆಲ್ಲ ಲೋಪಿಟಾಲ್ ನಿಯಮ ಹಾಕಬಹುದೇ?
– ಬಿ.ಇ. ವಿದ್ಯಾರ್ಥಿ, ದಾವಣಗೆರೆ

ಬೇಡ. ಮೊದಲು ಬೆಲೆ ಹಾಕಿ ನೋಡಿ. 0/0 ಅಥವಾ ಅನಂತ/ಅನಂತ ಬಂದರೆ ಮಾತ್ರ, ಮೇಲಿನದರ ಮತ್ತು ಕೆಳಗಿನದರ ಡೆರಿವೇಟಿವ್ ತೆಗೆದು ಲಿಮಿಟ್ ನೋಡುವ ಆ ನಿಯಮದ ಮಾತು. ಎಕ್ಸ್ ಸೊನ್ನೆಯತ್ತ ಹೋಗುವಾಗ ಕಾಸ್ ಎಕ್ಸ್/(ಎಕ್ಸ್+1) ನೇರವಾಗಿ 1 ಕೊಡುತ್ತದೆ. ಸುಮ್ಮನೆ ಮೇಲೆ ಕೆಳಗೆ ಡಿಫರೆನ್ಷಿಯೇಟ್ ಮಾಡಿದರೆ 0 ಬರುತ್ತದೆ, ಅದು ತಪ್ಪು. ಇನ್ನೊಂದು: ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಡಿಫರೆನ್ಷಿಯೇಟ್ ಮಾಡಬೇಕು, ಕೋಶಂಟ್ ರೂಲ್ ಅಲ್ಲ. (ಅಂದಹಾಗೆ, 1696ರ ಪುಸ್ತಕದಲ್ಲಿ ಲೋಪಿಟಾಲ್ ಅಚ್ಚು ಮಾಡಿಸಿದ ಈ ನಿಯಮ ಗಣಿತಜ್ಞ ಯೋಹಾನ್ ಬರ್ನೂಲಿಯದು. ಲೋಪಿಟಾಲ್ ಅವನಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡಿದ್ದ.)

2 ಸೈನ್ ಎಕ್ಸ್ ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿದರೆ ನನಗೆ −ಕಾಸ್²ಎಕ್ಸ್ + ಸಿ ಬಂತು. ಪುಸ್ತಕದ ಹಿಂದೆ ಸೈನ್²ಎಕ್ಸ್ + ಸಿ ಇದೆ. ಯಾವುದು ಸರಿ?
– ಓದುಗ, ಶಿರಸಿ

ಎರಡೂ. ಸೈನ್²ಎಕ್ಸ್ + ಕಾಸ್²ಎಕ್ಸ್ = 1 ಆದ್ದರಿಂದ ಎರಡು ಉತ್ತರಗಳ ನಡುವಿನ ಅಂತರ ಬರೀ 1; ಅದು ಯಾವ ಸ್ಥಿರ ಸಂಖ್ಯೆಯೂ ಆಗಬಹುದಾದ ‘ಸಿ’ಯೊಳಗೆ ಸೇರಿಹೋಗುತ್ತದೆ. ‘ಸಿ’ ಬರೆಯದೆ ಬಿಟ್ಟವರಿಗೆ ಈ ಸಮಾಧಾನವಿಲ್ಲ, ಅಂಕವೂ ಹೋಗುತ್ತದೆ. ಪುಸ್ತಕಕ್ಕೆ ಹೊಂದದಿದ್ದಾಗ ನಿಮ್ಮ ಉತ್ತರವನ್ನು ಮತ್ತೆ ಡಿಫರೆನ್ಷಿಯೇಟ್ ಮಾಡಿ. ಪ್ರಶ್ನೆಯಲ್ಲಿದ್ದದ್ದೇ ವಾಪಸ್ ಬಂದರೆ ಲೆಕ್ಕ ಸರಿ.