ಸ್ಕೂಟರ್ ತಗೊಂಡಿದ್ದೀವಿ, ಓಣಿಯವರು ಆಡಿಕೊಳ್ತಾರೆ. ಬಿಪಿಎಲ್ ಕಾರ್ಡ್ ವಾಪಸ್ ಕೊಟ್ಟುಬಿಡಲಾ? ಗೃಹಲಕ್ಷ್ಮಿಯ 2,000 ಮುಖ್ಯವಾ, ಮರ್ಯಾದೆ ಮುಖ್ಯವಾ?

ಕೊಡಬೇಡಿ. ನಾನು ಕೊಟ್ಟು ಕೂತಿದ್ದೇನೆ.

"ಬಿಟ್ಟಿ ಅಕ್ಕಿ ತಿಂದು ಗಾಡಿ ತಗೊಂಡ್ರು" ಅಂತಾರೆ ಅಂತ ಬರೆದಿದ್ದೀರಲ್ಲ, ನಮ್ಮ ಮನೆ ಬಾಗಿಲಲ್ಲೂ ಇದೇ ಮಾತು. 2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವರು ಬೆಳಗಾವಿಯಲ್ಲಿ ಒಂದು ಹೇಳಿಕೆ ಕೊಟ್ಟರು: ಟಿವಿ, ಫ್ರಿಜ್, ಬೈಕ್ ಇದ್ದವರು, ಐದು ಎಕರೆ ಮೇಲೆ ಜಮೀನಿದ್ದವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡ್ ಹಿಂದಿರುಗಿಸಬೇಕು. ನಮ್ಮ ಯಜಮಾನರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ, ನಾನು ಮನೆಯಲ್ಲೇ ಹೊಲಿಗೆ. ಮನೆಯಲ್ಲಿ ಒಂದು ಹಳೆ ಟಿವಿ, ಕಂತಿನ ಮೇಲೆ ತಂದ ಸೆಕೆಂಡ್ ಹ್ಯಾಂಡ್ ಸ್ಕೂಟಿ. ಓನರ್ ಆಂಟಿ ಸೀರೆಗೆ ಫಾಲ್ಸ್ ಹಚ್ಚಿಸಲು ಬಂದವರು ಪೇಪರ್ ತೋರಿಸಿ "ಇನ್ನು ನಿಮ್ಮದೂ ಹೋಗುತ್ತೆ ಬಿಡಮ್ಮ, ನಮ್ಮ ಟ್ಯಾಕ್ಸ್ ದುಡ್ಡು ಉಳೀತು" ಎಂದು ನಕ್ಕರು. ಆಮೇಲೆ ಫಾಲ್ಸ್‌ಗೆ ಇಪ್ಪತ್ತು ರೂಪಾಯಿ ಕಮ್ಮಿ ಮಾಡು ಎಂದರು. ಮಾಡಿದೆ. ಮರುವಾರ ಆಹಾರ ಇಲಾಖೆ ಕಚೇರಿಗೆ ಹೋಗಿ, ಸ್ವಇಚ್ಛೆಯಿಂದ ಎಂದು ಬರೆದುಕೊಟ್ಟು, ಸಹಿ ಹಾಕಿ ಎಪಿಎಲ್ (ಬಡತನ ರೇಖೆಗಿಂತ ಮೇಲಿನವರ ಕಾರ್ಡ್) ಮಾಡಿಸಿಕೊಂಡು ಬಂದೆ.

ತಪ್ಪಾಗಿದ್ದು ಇಲ್ಲೇ. ಸಚಿವರು ಹೇಳಿದ್ದು ಮಾತು, ಆದೇಶ ಅಲ್ಲ. ಗಲಾಟೆ ಎದ್ದ ಕೂಡಲೇ "ಹೊಸ ಮಾನದಂಡ ಏನೂ ಮಾಡಿಲ್ಲ" ಎಂದು ಅವರೇ ಹಿಂದೆ ಸರಿದರು. ನಾನು ಕೌಂಟರಿನಲ್ಲಿ "ಇದಕ್ಕೆ ಸರ್ಕಾರಿ ಆದೇಶ ಬಂದಿದೆಯಾ, ನಂಬರ್ ಎಷ್ಟು, ತಾರೀಕು ಯಾವುದು" ಎಂದು ಕೇಳಿದ್ದರೆ ಅಷ್ಟೇ ಸಾಕಿತ್ತು. ಕೇಳಲಿಲ್ಲ. ಟಿವಿಯಲ್ಲಿ ಬಂದಿದ್ದೇ ಕಾನೂನು ಅಂದುಕೊಂಡೆ. ಆಗಲೂ ಈಗಲೂ ನಿಯಮದಲ್ಲಿರುವುದು ಇಷ್ಟು: ಮನೆಯಲ್ಲಿ ಖಾಯಂ ಸರ್ಕಾರಿ, ಅನುದಾನಿತ ಅಥವಾ ನಿಗಮ-ಮಂಡಳಿಯ ನೌಕರರು ಇರಬಾರದು, ಆದಾಯ ತೆರಿಗೆ, ವೃತ್ತಿ ತೆರಿಗೆಯಂಥದ್ದು ಕಟ್ಟುವವರು ಇರಬಾರದು, ಹಳ್ಳಿಯಲ್ಲಾದರೆ 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ ಹತ್ತಿರ, ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಮೀರಬಾರದು, ಪಟ್ಟಣದಲ್ಲಾದರೆ 1,000 ಚದರಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ ಇರಬಾರದು, ಸ್ವಂತ ಓಡಾಟಕ್ಕೆ ನಾಲ್ಕು ಚಕ್ರದ ಗಾಡಿ ಇರಬಾರದು (ಹೊಟ್ಟೆಪಾಡಿಗೆ ಓಡಿಸುವ ಒಂದು ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಅಥವಾ ಟ್ರ್ಯಾಕ್ಟರ್ ಇರಬಹುದು), ವರ್ಷದ ಆದಾಯ 1.20 ಲಕ್ಷ ಮೀರಬಾರದು. ಇದರಲ್ಲಿ ಸ್ಕೂಟರ್ ಎಲ್ಲಿದೆ? ಫ್ರಿಜ್ ಎಲ್ಲಿದೆ?

ನಾನು ಸಹಿ ಹಾಕಿ ಬಂದ ಎರಡೇ ತಿಂಗಳಿಗೆ ಕೊರೊನಾ ಎರಡನೇ ಅಲೆ. ಮೇ ತಿಂಗಳಿಂದ ಕೇಂದ್ರದವರು ಬಿಪಿಎಲ್ ಕಾರ್ಡಿನವರಿಗೆ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ ಕೊಡಲು ಶುರು ಮಾಡಿದರು. 2022ರ ಡಿಸೆಂಬರ್‌ವರೆಗೆ ಕೊಟ್ಟರು. ಐದು ಜನದ ಮನೆ ನಮ್ಮದು: ತಿಂಗಳಿಗೆ 25 ಕೆಜಿ, 20 ತಿಂಗಳು, ಒಟ್ಟು ಐದು ಕ್ವಿಂಟಲ್. ಮಾಮೂಲಿ ರೇಷನ್ ಇದರಲ್ಲಿ ಸೇರಿಲ್ಲ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ನಮಗೆ 850 ಆಗುತ್ತಿತ್ತು. 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ. ಅದೂ ನಮಗಿಲ್ಲ.

ಅಕ್ಕಿ ಹೋಗಲಿ. ಅತ್ತೆಗೆ ಸ್ಟೆಂಟ್ ಹಾಕಿಸಬೇಕಾಗಿ ಬಂತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಸರ್ಕಾರದ್ದು 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ 70 ಪರ್ಸೆಂಟಿಗೆ ನನ್ನ ಎರಡೆಳೆ ಸರ ಗಿರವಿಗೆ ಹೋಯಿತು. ಬಿಪಿಎಲ್ ಕಾರ್ಡ್ ಅಂದರೆ ಅಕ್ಕಿ ಅಂದುಕೊಂಡಿದ್ದೆ. ಆಸ್ಪತ್ರೆ ಕೌಂಟರಿನಲ್ಲಿ ಕೇಳುವುದೂ ಆ ಕಾರ್ಡನ್ನೇ.

ಈಗ ನೀವು ಕೇಳಿದ "2,000 ಮುಖ್ಯವಾ, ಮರ್ಯಾದೆ ಮುಖ್ಯವಾ" ಅನ್ನುವುದಕ್ಕೆ ಬರುತ್ತೇನೆ. ಪ್ರಶ್ನೆಯೇ ಸರಿ ಇಲ್ಲ. ಗೃಹಲಕ್ಷ್ಮಿ 2,000ಕ್ಕೂ ಬಿಪಿಎಲ್‌ಗೂ ಸಂಬಂಧವಿಲ್ಲ, ಎಪಿಎಲ್ ಕಾರ್ಡಿನ ಯಜಮಾನಿಗೂ ಬರುತ್ತದೆ. ನನಗೂ ಬರುತ್ತಿದೆ, ಓನರ್ ಆಂಟಿಗೂ ಬರುತ್ತಿದೆ. ಗೃಹಜ್ಯೋತಿಯಲ್ಲಿ ಅವರ ಕರೆಂಟ್ ಬಿಲ್ಲೂ ಸೊನ್ನೆ. ಅವರು ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲೇ ಧರ್ಮಸ್ಥಳಕ್ಕೆ ಹೋಗಿಬಂದರು. ಅವರ ಮಗ ಮನೆ ಸಾಲದ ಬಡ್ಡಿ ತೋರಿಸಿ 2 ಲಕ್ಷದವರೆಗೆ ಆದಾಯಕ್ಕೆ ತೆರಿಗೆ ಉಳಿಸಿದರೆ ಅದಕ್ಕೆ ವಿನಾಯಿತಿ ಎಂದು ಹೆಸರು. ಅವರ ಅಣ್ಣನ ತೋಟದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಅದಕ್ಕೆ ಸಬ್ಸಿಡಿ ಎಂದು ಹೆಸರು. ರೇಷನ್ ಸೊಸೈಟಿ ಮುಂದೆ ಚೀಲ ಹಿಡಿದು ನಿಂತರೆ ಮಾತ್ರ ಬಿಟ್ಟಿ. ಟ್ಯಾಕ್ಸ್ ದುಡ್ಡಂತೆ! ಸೋಪಿಗೆ, ಹೊಲಿಗೆ ದಾರಕ್ಕೆ ನಾನು ಕಟ್ಟುವ ಜಿಎಸ್‌ಟಿ ಯಾರ ಮನೆಯದು?

ನಿಜವಾದ ತೊಡಕು ಆ 1.20 ಲಕ್ಷದ್ದು. ತಿಂಗಳಿಗೆ ಲೆಕ್ಕ ಹಾಕಿದರೆ 10,000 ಆಯಿತು. ಗಂಡ ಹೆಂಡತಿ ಇಬ್ಬರೂ ದುಡಿದರೆ ಯಾವ ಮನೆ ಅದರೊಳಗೆ ನಿಲ್ಲುತ್ತದೆ? ಮಿತಿಯನ್ನು ಅಲ್ಲಿಟ್ಟು, ಪಟ್ಟಣದ ಅರ್ಧ ಓಣಿಯನ್ನು ಕಳ್ಳರ ಹಾಗೆ ಅಳುಕುವಂತೆ ಮಾಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಖಾಯಂ ಸರ್ಕಾರಿ ಕೆಲಸಕ್ಕೆ ಸೇರಿದ್ದರೆ ನಾಳೆಯೇ ಕೊಟ್ಟುಬಿಡಿ. ಅಂಥವರಿಂದ ತಿಂದ ಅಕ್ಕಿಯ ದುಡ್ಡು ಕಟ್ಟಿಸಿಕೊಂಡದ್ದಿದೆ.

ಇಲ್ಲದಿದ್ದರೆ ಹೀಗೆ ಮಾಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ, ಮುಗಿದಿದ್ದರೆ ಹೊಸದು ಮಾಡಿಸಿ. ಕಾರ್ಡಿನಲ್ಲಿರುವ ಪ್ರತಿಯೊಬ್ಬರ ಇ-ಕೆವೈಸಿ ಸೊಸೈಟಿಯಲ್ಲಿ ಬೆರಳೊತ್ತಿ ಮುಗಿಸಿ. ಹೊಲಿಗೆ, ಗಾರೆ ಕೆಲಸದವರ ಬೆರಳಚ್ಚು ಎಷ್ಟೋ ಸಲ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಬೆರಳು ಒರೆಸಿ ಬೇರೆ ಬೆರಳು ಕೊಟ್ಟು ನೋಡಿ. ಪ್ರತಿ ತಿಂಗಳೂ ರೇಷನ್ ತನ್ನಿ, ನಾಚಿಕೆಯಿಂದ ಆರು ತಿಂಗಳು ಬಿಟ್ಟರೆ ಕಾರ್ಡ್ ಅಮಾನತಾಗುತ್ತದೆ. ಅಕ್ಕಿ ಮಾರಬೇಡಿ. ಸ್ಕೂಟರ್ ಸಾಲಕ್ಕೆಂದು ಏಜೆಂಟ್ "ಒಂದು ಐಟಿ ರಿಟರ್ನ್ಸ್ ಹಾಕಿಬಿಡೋಣ" ಅಂದರೆ ಬೇಡ ಅನ್ನಿ. ಒಂದು ರೂಪಾಯಿ ತೆರಿಗೆ ಕಟ್ಟದಿದ್ದರೂ ತೆರಿಗೆದಾರರ ಪಟ್ಟಿಗೆ ಸೇರಿ ಗೃಹಲಕ್ಷ್ಮಿ ನಿಂತವರನ್ನು ನೋಡಿದ್ದೇನೆ. ನೋಟಿಸ್ ಬಂದರೆ ಆದಾಯ ಪತ್ರ, ಸ್ಕೂಟರಿನ ಆರ್‌ಸಿ, ಬಾಡಿಗೆ ಕರಾರು ಅಥವಾ ಕಂದಾಯ ರಸೀದಿ ಜೋಡಿಸಿ ಬರವಣಿಗೆಯಲ್ಲೇ ಉತ್ತರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಯಾಕೆ ಇಷ್ಟು ಹೇಳ್ತೀನಿ ಅಂದರೆ, 2024ರ ನವೆಂಬರಿನಲ್ಲಿ ಬಹಳ ಕಾರ್ಡುಗಳನ್ನು ಸರ್ಕಾರವೇ ಎಪಿಎಲ್ ಮಾಡಿತ್ತು. ಕೂಗೆದ್ದ ಮೇಲೆ ಸರ್ಕಾರಿ ನೌಕರರು, ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಅಂದರು. ನಾನೂ ಓಡಿದೆ. ಕಂಪ್ಯೂಟರ್ ನೋಡಿದವರು, "ನಿಮ್ಮದು ರದ್ದಾಗಿಲ್ಲಮ್ಮ, ನೀವೇ ಬಿಟ್ಟುಕೊಟ್ಟಿದ್ದೀರಿ, ಹೊಸ ಅರ್ಜಿ ಹಾಕಿ" ಎಂದರು. ಹೊಸ ಅರ್ಜಿಯ ಪೋರ್ಟಲ್ ತೆರೆಯುವುದೇ ಅಪರೂಪ. ತೆರೆದ ದಿನ ಸರ್ವರ್ ಇರುವುದಿಲ್ಲ. ಮೂರನೇ ಸಲಕ್ಕೆ ಅರ್ಜಿ ಹೋಯಿತು. ಇವತ್ತು ಬೆಳಿಗ್ಗೆಯೂ ನೋಡಿದೆ, "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸ್ತಿದೆ.